ಉಲುರು: ಬಂಡೆ, ಬೆಂಕಿ ಮತ್ತು ನೆಲದ ಒಡೆತನ

(ಬಳಗದ ಬೇಸಿಗೆ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಶಿಬಿರದ ಸಂಚಾಲಕರು ನನಗೆ ಕೊಟ್ಟಿರುವ ವಿಷಯ ‘ಮರುಭೂಮಿಯಲ್ಲೊಂದು ಪವಿತ್ರ ಕ್ಷೇತ್ರ’. ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಉಲುರು ಎಂಬ ಬಂಡೆಗೆ ನಾನು ಹೋಗಿ ಬಂದ ಸಂಗತಿಯನ್ನು ಹೇಳಬೇಕೆಂಬುದು ಅವರ ಅಪೇಕ್ಷೆ. ನಿನ್ನೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ‘ಮಳೆಗಾಲದಲ್ಲಿ ಅಂಗಳಕ್ಕಿಳಿಯಲು ಕಷ್ಟಪಡುವ ನಮಗೆ ಮರುಭೂಮಿಯ ಕಥೆಯಿಂದ ಏನಾಗಬೇಕು?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ನೆಲವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೆ ಅಲ್ಲಿ ತಲೆತಲಾಂತರದಿಂದ ಬಾಳಿದವರ ಮಾತಿಗೆ ಎಷ್ಟು ಬೆಲೆ ಉಳಿಯುತ್ತದೆ? ಈ ಚಿಂತೆ ಕುದುರೆಮುಖದ ಸೆರಗಿನಲ್ಲಿರುವವರಿಗೆ 1987ರಲ್ಲಿ ಉದ್ಯಾನದ ಘೋಷಣೆಯಾದಂದಿನಿಂದ ಪರಿಚಿತ. ಅದೇ ಚಿಂತೆಯನ್ನು ಬೇರೊಂದು ಜನ, ಬೇರೊಂದು ನೆಲದಲ್ಲಿ ಅರವತ್ತು ವರ್ಷ ಹೊತ್ತು ನಡೆದ ಬಗೆಯನ್ನು ನಾನು ಅಲ್ಲಿ ಕಂಡೆ. ಆದುದರಿಂದ ಇದು ಪ್ರವಾಸಕಥನಕ್ಕಿಂತ ಹೆಚ್ಚಾಗಿ ಆ ಬಂಡೆಯ ಮತ್ತು ಅದರ ಜನರ ಕಥೆ.

ನಾನು ಅಲ್ಲಿಗೆ ಹೋದದ್ದು 2023ರ ಜುಲೈ ತಿಂಗಳಲ್ಲಿ. ಒಣಬೇಸಾಯಕ್ಕೆ ಸಂಬಂಧಿಸಿದ ಕೆಲಸದ ನಿಮಿತ್ತ ಅಡಿಲೇಡ್ ನಗರಕ್ಕೆ ಹೋಗಿದ್ದೆ. ಅದು ಮುಗಿದ ಮೇಲೆ ಉಳಿದ ನಾಲ್ಕು ದಿನಗಳನ್ನು ಇದಕ್ಕಾಗಿ ಇಟ್ಟುಕೊಂಡೆ. ದಕ್ಷಿಣ ಗೋಳಾರ್ಧವಾದ್ದರಿಂದ ಜುಲೈ ಅಲ್ಲಿ ನಡುಚಳಿಗಾಲ. ಹಗಲು ಹಿತವಾದ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಬೇಸಿಗೆಯಲ್ಲಾದರೋ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ.

ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣದವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದೆ. ಸುಮಾರು 450 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಕುಮಟಾಕ್ಕೆ ಇರುವಷ್ಟು ದೂರ. ನಮ್ಮ ಆ ದಾರಿಯಲ್ಲಿ ಎಷ್ಟು ಊರು, ಎಷ್ಟು ಹೋಟೆಲು, ಎಷ್ಟು ದೇವಸ್ಥಾನ ಸಿಗುತ್ತವೆಂದು ಎಣಿಸಿ ನೋಡಿ. ಇಲ್ಲಿ ಮೊದಲ 200 ಕಿ.ಮೀ. ಕಳೆದ ಮೇಲೆ ಎರ್ಲ್‌ಡುಂಡಾ ಎಂಬಲ್ಲಿ ಒಂದು ಪೆಟ್ರೋಲ್ ಬಂಕು, ಅದಕ್ಕಂಟಿದ ಒಂದು ಅಂಗಡಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಮತ್ತೆ ಕೆಂಪು ನೆಲ, ಕುರುಚಲು, ಆಕಾಶ. ದಾರಿಯ ಬದಿಯ ಕರ್ಟಿನ್ ಸ್ಪ್ರಿಂಗ್ಸ್ ಎಂಬ ದನಗಳ ಸಾಕಣೆಯ ಒಂದೇ ಹಿಡುವಳಿ ಹತ್ತು ಲಕ್ಷ ಎಕರೆಗೂ ದೊಡ್ಡದು. ಎರಡೆಕರೆ ಅಡಿಕೆ ತೋಟದ ಲೆಕ್ಕದಲ್ಲಿ ಬದುಕುವ ನಮಗೆ ಇದನ್ನು ಊಹಿಸುವುದೇ ಕಷ್ಟ. ಆದರೆ ಅಲ್ಲಿ ಒಂದು ದನದ ಮೇವಿಗೆ ಬೇಕಾಗುವ ನೆಲದ ವಿಸ್ತಾರವೂ ಊಹೆಗೆ ಮೀರಿದ್ದೇ. ಸ್ವಲ್ಪ ಮುಂದೆ ಎಡಗಡೆಗೆ ಚಪ್ಪಟೆ ತಲೆಯ ಬೆಟ್ಟವೊಂದು ಕಾಣಿಸಿಕೊಂಡಿತು. ಬಸ್ಸಿನಲ್ಲಿದ್ದವರೆಲ್ಲ ಕ್ಯಾಮರಾ ತೆಗೆದರು. ಚಾಲಕ ನಕ್ಕು, ಅದು ಉಲುರು ಅಲ್ಲ, ಅಟಿಲ ಎಂದ. ಪ್ರತಿ ಬಸ್ಸಿನಲ್ಲಿಯೂ ಹೀಗೇ ಆಗುತ್ತದಂತೆ.

ಆ ಮಣ್ಣಿನ ಕೆಂಪಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನ್ನ ವೃತ್ತಿ ಬಿಡುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣೂ ಕೆಂಪು, ಅಲ್ಲಿಯ ಮರಳೂ ಕೆಂಪು. ಎರಡಕ್ಕೂ ಕಾರಣ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕು. ಆದರೆ ನಮ್ಮಲ್ಲಿ ಅತಿಯಾದ ಮಳೆ ಉಳಿದ ಸತ್ವವನ್ನೆಲ್ಲ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮನ್ನು ಉಳಿಸಿದೆ. ಅಲ್ಲಿ ಮರಳಿನ ಒಂದೊಂದು ಕಣಕ್ಕೂ ತುಕ್ಕಿನ ತೆಳುವಾದ ಲೇಪವಿದೆ. ಎರಡು ದಾರಿಗಳು ಬೇರೆ, ಫಲ ಒಂದೇ: ಹಳೆಯದಾದ, ರಂಜಕಕ್ಕೆ ಬಡತನವಿರುವ ಮಣ್ಣು. ಇಂಥ ಮಣ್ಣಿನ ಮೇಲೆ ಬೆಳೆದ ಸಸ್ಯಸಂಪತ್ತನ್ನು ಒಮ್ಮೆ ಕಳೆದುಕೊಂಡರೆ ಮರಳಿ ಪಡೆಯಲು ಬಹುಕಾಲ ಬೇಕು.

ಇನ್ನು ಬಂಡೆ. ಸಮತಟ್ಟಾದ ಬಯಲಿನಿಂದ ಅದು ಥಟ್ಟನೆ 348 ಮೀಟರ್ ಎತ್ತರಕ್ಕೆ ಏಳುತ್ತದೆ. ಬುಡದ ಸುತ್ತಳತೆ 9.4 ಕಿ.ಮೀ. ನೋಡಿದವರು ಇದು ಯಾವುದೋ ಆಕಾಶದಿಂದ ಬಿದ್ದ ಒಂಟಿಕಲ್ಲು ಎಂದುಕೊಳ್ಳುತ್ತಾರೆ. ಹಾಗಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ ನೈರುತ್ಯ ದಿಕ್ಕಿನ ಪರ್ವತಗಳಿಂದ ಹೊಳೆಗಳು ಹೊತ್ತು ತಂದು ರಾಶಿ ಹಾಕಿದ ಮರಳು ಗಟ್ಟಿಯಾಗಿ ಕಲ್ಲಾಯಿತು. ಅನಂತರ ಭೂಮಿಯ ಒತ್ತಡಕ್ಕೆ ಪದರಗಳು ಮಗುಚಿ ಹೆಚ್ಚುಕಡಿಮೆ ನೆಟ್ಟಗೆ ನಿಂತವು. ನಮಗೆ ಕಾಣುವುದು ನೆಲದೊಳಗಿರುವ ದೊಡ್ಡದೊಂದು ಹಾಸಿನ ಮೇಲ್ತುದಿ ಮಾತ್ರ. ಕಲ್ಲಿನ ಸಹಜ ಬಣ್ಣವೂ ಕೆಂಪಲ್ಲ, ಬೂದು. ಗುಹೆಗಳ ಒಳಗೆ ಬೂದುಬಣ್ಣ ಹಾಗೆಯೇ ಉಳಿದಿದೆ. ಹೊರಮೈ ಗಾಳಿಗೂ ನೀರಿಗೂ ಒಡ್ಡಿಕೊಂಡು ತುಕ್ಕು ಹಿಡಿದಿದೆ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಕಟ ಜುಟ ಎಂಬ 36 ಗುಮ್ಮಟಗಳ ಗುಂಪಿದೆ. ಆ ಹೆಸರಿಗೆ ‘ಹಲವು ತಲೆಗಳು’ ಎಂದರ್ಥ. ಅದರ ಅತ್ಯುನ್ನತ ಗುಮ್ಮಟ ಉಲುರುವಿಗಿಂತ ಎತ್ತರ. ಎರಡೂ ಸೇರಿ ಸುಮಾರು 1,326 ಚದರ ಕಿ.ಮೀ. ವಿಸ್ತಾರದ ಉದ್ಯಾನ.

ಅಲ್ಲಿಯ ಜನ ತಮ್ಮನ್ನು ‘ಅನಂಗು’ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಅದರ ಅರ್ಥ ‘ಜನ’ ಎಂದಷ್ಟೇ. ಪಿಜಂಜಜಾರ ಮತ್ತು ಯಂಕುನಿಜಜಾರ ಎಂಬ ಎರಡು ಭಾಷೆಗಳನ್ನಾಡುವ ಸಮುದಾಯಗಳು. ಅವರ ಬದುಕನ್ನು ಆಳುವುದು ‘ಜುಕುರ್ಪ’. ಇದನ್ನು ಪುರಾಣ ಎಂದು ಅನುವಾದಿಸಿದರೆ ಅರ್ಧ ಮಾತ್ರ ಹೇಳಿದಂತೆ. ಅದರಲ್ಲಿ ಸೃಷ್ಟಿಯ ಕಥೆಯಿದೆ, ಯಾರು ಯಾರನ್ನು ವರಿಸಬಹುದೆಂಬ ಕಟ್ಟಳೆಯಿದೆ, ಯಾವ ಹೊಂಡದ ನೀರನ್ನು ಎಂದು ಕುಡಿಯಬಹುದು, ಯಾವ ಗೆಡ್ಡೆಯನ್ನು ಎಲ್ಲಿ ಅಗೆಯಬಹುದು ಎಂಬ ತಿಳಿವಳಿಕೆಯಿದೆ. ಕಥೆ, ಕಾನೂನು, ಕೃಷಿಶಾಸ್ತ್ರ ಮೂರೂ ಒಂದೇ ಬಟ್ಟೆಯ ಎಳೆಗಳು. ಎಲ್ಲವನ್ನೂ ಎಲ್ಲರಿಗೂ ಹೇಳುವ ವಾಡಿಕೆಯೂ ಇಲ್ಲ. ಗಂಡಸರು ತಿಳಿಯಬೇಕಾದದ್ದು ಬೇರೆ, ಹೆಂಗಸರು ತಿಳಿಯಬೇಕಾದದ್ದು ಬೇರೆ, ವಯಸ್ಸಿಗೆ ತಕ್ಕಂತೆ ದೊರೆಯುವುದು ಬೇರೆ. ನಮ್ಮಂಥ ಹೊರಗಿನವರಿಗೆ ಅವರು ಹೇಳುವುದು ಮಕ್ಕಳಿಗೆ ಹೇಳುವಷ್ಟನ್ನು ಮಾತ್ರ.

ಅಂಥ ಒಂದು ಕಥೆಯನ್ನು ಹೇಳುತ್ತೇನೆ. ಕುನಿಯ ಎಂಬ ಹೆಬ್ಬಾವಿನ ರೂಪದ ಹೆಂಗಸು ಪೂರ್ವದಿಂದ ತನ್ನ ಮೊಟ್ಟೆಗಳನ್ನು ಕೊರಳಿಗೆ ಸುತ್ತಿಕೊಂಡು ಬಂದಳು. ಅವಳ ಸೋದರಳಿಯನನ್ನು ಲಿರು ಎಂಬ ವಿಷಸರ್ಪದ ಕುಲದವರು ಈಟಿಗಳಿಂದ ಇರಿದರು. ಸುದ್ದಿ ತಿಳಿದ ಕುನಿಯ ಬಂಡೆಯ ದಕ್ಷಿಣ ಬದಿಯ ಮುಟಿಜುಲು ಎಂಬಲ್ಲಿಗೆ ಬಂದು ಲಿರು ಯೋಧನನ್ನು ಎದುರಿಸಿದಳು. ಗೆಡ್ಡೆ ಅಗೆಯುವ ಕೋಲಿನಿಂದ ಅವನ ತಲೆಗೆ ಎರಡು ಪೆಟ್ಟು ಹೊಡೆದಳು. ಬಂಡೆಯ ಮೇಲೆ ಒಂದು ಚಿಕ್ಕ ಸೀಳು, ಒಂದು ದೊಡ್ಡ ಸೀಳು ಇಂದಿಗೂ ಇವೆ. ಅವಳು ಹರಿದುಹೋದ ಜಾಡು ಕಪ್ಪು ಗೆರೆಯಾಗಿ ಉಳಿದಿದೆ. ಆ ಕಪ್ಪು ಗೆರೆಯ ಬುಡದಲ್ಲಿರುವುದೇ ಮುಟಿಜುಲು ನೀರಿನ ಹೊಂಡ, ಬಂಡೆಯ ಸುತ್ತ ನೀರು ಹೆಚ್ಚುಕಾಲ ನಿಲ್ಲುವ ತಾಣಗಳಲ್ಲೊಂದು. ಹೆಬ್ಬಾವಿನ ಸತ್ವ ಅಲ್ಲಿ ನೀರನ್ನು ಕಾಯುತ್ತದೆಂದು ಅವರ ನಂಬಿಕೆ. ನೀರಿನ ಸೆಲೆ ಇರುವಲ್ಲಿ ನಾಗಬನ ಮಾಡಿ ಮರ ಕಡಿಯಬಾರದೆಂದ ಹಿರಿಯರ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂಡೆಯ ಸುತ್ತ ಹತ್ತೂವರೆ ಕಿ.ಮೀ. ಕಾಲುದಾರಿಯಿದೆ. ನಾನು ಮುಂಜಾನೆ ಆರಂಭಿಸಿ ಮಧ್ಯಾಹ್ನಕ್ಕೆ ಮುಗಿಸಿದೆ. ಸಾಮಾನ್ಯವಾಗಿ ಇದಕ್ಕೆ ಮೂರೂವರೆ ಗಂಟೆ ಸಾಕಂತೆ. ಪ್ರತಿ ಗಿಡದ ಬುಡದಲ್ಲಿಯೂ ಕುಕ್ಕುರುಗಾಲಿನಲ್ಲಿ ಕುಳಿತರೆ ಹೆಚ್ಚು ಬೇಕಾಗುತ್ತದೆ. ದೂರದಿಂದ ನುಣುಪಾಗಿ ಕಂಡ ಬಂಡೆ ಹತ್ತಿರಕ್ಕೆ ಹೋದಂತೆ ಗುಹೆ, ಕೊರಕಲು, ಜಾರುಗೆರೆಗಳಿಂದ ತುಂಬಿತ್ತು. ವರ್ಷಕ್ಕೆ ಸರಾಸರಿ 300 ಮಿ.ಮೀ. ಮಳೆ. ಆಗುಂಬೆಯಲ್ಲಿ ಒಂದು ಜುಲೈ ತಿಂಗಳಲ್ಲಿ ಸುರಿಯುವುದು ಅಲ್ಲಿ ಬೀಳಲು ಆರೇಳು ವರ್ಷ ಬೇಕು. ಆದರೆ ಬಂಡೆ ಒಂದು ಹನಿಯನ್ನೂ ಹೀರುವುದಿಲ್ಲ. ಮೈಮೇಲೆ ಬಿದ್ದುದನ್ನೆಲ್ಲ ಬುಡಕ್ಕೆ ಇಳಿಸುತ್ತದೆ. ಆದ್ದರಿಂದ ಸುತ್ತಲ ಬಯಲಿಗೆ ಸಿಗುವುದರ ಅನೇಕ ಪಾಲು ನೀರು ಬುಡದ ಪಟ್ಟಿಗೆ ದೊರೆಯುತ್ತದೆ. ಅಲ್ಲಿ ಎತ್ತರದ ಮರಗಳು, ಹಸುರು ಹುಲ್ಲು, ಹಕ್ಕಿಗಳ ಕಲರವ. ನೂರಿನ್ನೂರು ಹೆಜ್ಜೆ ಹೊರಗೆ ನಡೆದರೆ ಮತ್ತೆ ಮರಳು, ಮುಳ್ಳು. ಚಾವಣಿಯ ನೀರಿನ ಕೊಯ್ಲಿನ ಬಗ್ಗೆ ನಾವು ಈ ಶಿಬಿರದಲ್ಲಿ ಎರಡು ದಿನ ಚರ್ಚಿಸಿದೆವು. ಇದು ನಿಸರ್ಗವೇ ಕಟ್ಟಿದ ಚಾವಣಿ.

ಸಸ್ಯಗಳಲ್ಲಿ ಮೂರನ್ನು ಮಾತ್ರ ಹೆಸರಿಸುತ್ತೇನೆ. ಒಂದು ಮಲ್ಗ. ಇದು ಅಕೇಶಿಯಾ ಕುಲದ ಪುಟ್ಟ ಮರ. ಅದರ ಎಲೆಯಂಥ ತೊಟ್ಟುಗಳೂ ಕೊಂಬೆಗಳೂ ಆಕಾಶಕ್ಕೆ ಮುಖಮಾಡಿ ನೆಟ್ಟಗೆ ನಿಂತಿರುತ್ತವೆ. ಬಿದ್ದ ಮಳೆ ಕೊಂಬೆಯಿಂದ ಕಾಂಡಕ್ಕೆ, ಕಾಂಡದಿಂದ ತನ್ನದೇ ಬೇರಿಗೆ ಇಳಿಯುತ್ತದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅದರ ಕಠಿಣವಾದ ಮರದಿಂದ ಅನಂಗುಗಳು ಈಟಿ ಎಸೆಯುವ ಸಾಧನ ಮಾಡುತ್ತಿದ್ದರು. ಎರಡನೆಯದು ಸ್ಪಿನಿಫೆಕ್ಸ್, ಸೂಜಿಯಂಥ ಎಲೆಗಳ ಹುಲ್ಲಿನ ಹಿಂಡಿಲು. ಅದರಲ್ಲಿ ರಾಳವಿದೆ. ಹುಲ್ಲನ್ನು ಬಡಿದು ತೂರಿ, ಉದುರಿದ ಪುಡಿಯನ್ನು ಕಾಯಿಸಿದರೆ ಕಲ್ಲಿನ ಅಲಗನ್ನು ಹಿಡಿಗೆ ಕೂರಿಸುವಂಥ ಗಟ್ಟಿ ಅಂಟು. ಮೂರನೆಯದು ಮರುಭೂಮಿಯ ಓಕ್, ನಮ್ಮ ಕರಾವಳಿಯ ಗಾಳಿಮರದ ದಾಯಾದಿ. ಎಳೆಯದರಲ್ಲಿ ಇದು ಕೊಂಬೆಯನ್ನೇ ಚಾಚದೆ ಸಣ್ಣ ಕಂಬದಂತೆ ನಿಂತಿರುತ್ತದೆ. ಬೇರು ಆಳದ ನೀರನ್ನು ಮುಟ್ಟಿದ ಮೇಲೆಯೇ ಮೈಬಿಚ್ಚಿ ಹರಡಿಕೊಳ್ಳುತ್ತದೆ. ಒಂದೇ ಜಾತಿಯ ಮರಗಳೆಂದು ನಂಬಲಾಗದಷ್ಟು ಎರಡು ರೂಪಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ.

ಅಕೇಶಿಯಾ ಎಂದಾಗ ಇಲ್ಲಿ ಕೆಲವರು ಮುಖ ಸಿಂಡರಿಸಿದ್ದನ್ನು ಗಮನಿಸಿದೆ. ನಮ್ಮ ಗೋಮಾಳಗಳಲ್ಲೂ ಬೆಟ್ಟಗಳಲ್ಲೂ ನೆಟ್ಟಿರುವ ಅಕೇಶಿಯಾ ಅದೇ ಖಂಡದ ಉತ್ತರ ತೀರದಿಂದಲೂ ಅದರಾಚೆಯ ದ್ವೀಪಗಳಿಂದಲೂ ಬಂದದ್ದು. ನೀಲಗಿರಿಯೂ ಅಲ್ಲಿಯದೇ. ತನ್ನ ನೆಲದಲ್ಲಿ ಮರ ಅಪರಾಧಿಯಲ್ಲ. ಅದನ್ನು ಎಲ್ಲಿಂದೆಲ್ಲಿಗೋ ತಂದು, ಮಿಶ್ರಕಾಡಿದ್ದ ಕಡೆ ಅದೊಂದನ್ನೇ ಸಾಲಾಗಿ ನೆಟ್ಟದ್ದು ಮನುಷ್ಯನ ತೀರ್ಮಾನ. ಉಲುರುವಿನಲ್ಲಿ ಇದರ ತಿರುವುಮುರುವನ್ನು ಕಂಡೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೆಂಕಿಯ ವಿಷಯ. ಉದ್ಯಾನದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಅನಂಗುಗಳು ಸಾವಿರಾರು ವರ್ಷಗಳಿಂದ ತಂಪು ಹೊತ್ತಿನಲ್ಲಿ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹುಲ್ಲನ್ನು ಸುಡುತ್ತಿದ್ದರು. ಬೇಟೆಗೆ, ದಾರಿಗೆ, ಸಂಕೇತಕ್ಕೆ, ಹೊಸ ಚಿಗುರಿಗೆ. ಸುಟ್ಟ ಜಾಗದಲ್ಲಿ ಮಳೆಯ ನಂತರ ಕಾಡುಟೊಮೇಟೊ ಮೊಳೆಯುತ್ತದೆ. ಇದು ನಮ್ಮ ಬದನೆಯ ಕುಲದ್ದು. ಹೀಗೆ ಬಯಲೆಲ್ಲ ಬೇರೆ ಬೇರೆ ವಯಸ್ಸಿನ ಸಸ್ಯಗಳ ತೇಪೆಗಳ ಕೌದಿಯಾಗಿತ್ತು. ಎಲ್ಲಿಯೋ ಸಿಡಿಲಿನ ಬೆಂಕಿ ಹತ್ತಿದರೂ ಈ ಹಿಂದೆ ಸುಟ್ಟಿದ್ದ ತೇಪೆಯನ್ನು ತಲಪಿದೊಡನೆ ಅದು ತಣ್ಣಗಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬರ, ದನಗಳ ಹಿಂಡುಗಳು, ಸರ್ಕಾರದ ಒತ್ತಡ ಇವುಗಳಿಂದ ಜನ ತಮ್ಮ ನೆಲದಿಂದ ದೂರ ಸರಿಯಬೇಕಾಯಿತು. 1958ರಲ್ಲಿ ಈ ಪ್ರದೇಶವನ್ನು ಮೂಲನಿವಾಸಿಗಳ ಮೀಸಲು ನೆಲದಿಂದ ಕಿತ್ತು ರಾಷ್ಟ್ರೀಯ ಉದ್ಯಾನವಾಗಿ ಬೇರ್ಪಡಿಸಿದರು. ಸುಡುವವರು ಇಲ್ಲವಾದರು. ಹುಲ್ಲು ಬೆಳೆದು ಬೆಳೆದು ಒಣಗಿತು. 1970ರ ದಶಕದ ಮಧ್ಯದಲ್ಲಿ ಅಪರೂಪದ ದೊಡ್ಡ ಮಳೆಗಳಾದವು, ಹುಲ್ಲು ಇನ್ನಷ್ಟು ಎದ್ದಿತು. 1976ರಲ್ಲಿ ಹೊತ್ತಿಕೊಂಡ ಕಾಳ್ಗಿಚ್ಚು ಉದ್ಯಾನದ ಸುಮಾರು ಮುಕ್ಕಾಲು ಭಾಗವನ್ನು ನುಂಗಿತು. ರಕ್ಷಿಸುವ ಹೆಸರಿನಲ್ಲಿ ರಕ್ಷಕರನ್ನೇ ಹೊರಗಿಟ್ಟದ್ದರ ಫಲ ಅದು. ಅನಂತರ ವಿಜ್ಞಾನಿಗಳು ಹಳಬರನ್ನು ಕರೆದು ಕೇಳಿದರು. 1980ರ ದಶಕದಿಂದ ಅನಂಗುಗಳ ಮಾರ್ಗದರ್ಶನದಲ್ಲಿ ಚಳಿಗಾಲದ ತೇಪೆ ಸುಡುವಿಕೆ ಮರಳಿ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಕೇಳಿ ನಾಳೆ ಯಾರಾದರೂ ಸೊಪ್ಪಿನಬೆಟ್ಟಕ್ಕೆ ಕಡ್ಡಿ ಗೀರಿದರೆ ನಾನು ಹೊಣೆಯಲ್ಲ. ಸ್ಪಿನಿಫೆಕ್ಸ್ ಬಯಲು ಬೆಂಕಿಯೊಡನೆ ಬೆಳೆದದ್ದು; ನಮ್ಮ ನಿತ್ಯಹರಿದ್ವರ್ಣ ಕಾನು ಹಾಗಲ್ಲ, ಅದಕ್ಕೆ ಬೆಂಕಿ ಮೃತ್ಯು. ಅಲ್ಲಿಂದ ತರಬೇಕಾದದ್ದು ಬೆಂಕಿಯನ್ನಲ್ಲ. ಆ ನೆಲಕ್ಕೆ ಬೆಂಕಿ ಯಾವಾಗ, ಎಷ್ಟು, ಎಲ್ಲಿ ಎಂಬುದನ್ನು ಆ ನೆಲದವರನ್ನೇ ಕೇಳಿ ನಿರ್ಧರಿಸಿದ ಕ್ರಮವನ್ನು.

ಈಗ ಒಡೆತನದ ವಿಚಾರಕ್ಕೆ ಬರುತ್ತೇನೆ. 1873ರ ಜುಲೈನಲ್ಲಿ ವಿಲಿಯಂ ಗಾಸ್ ಎಂಬ ಭೂಮಾಪಕ ಇಲ್ಲಿಗೆ ಬಂದು, ಬಂಡೆಯನ್ನು ಹತ್ತಿ, ಅದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಸರ್ ಹೆನ್ರಿ ಏಯರ್ಸ್ ಅವರ ನೆನಪಿಗೆ ‘ಏಯರ್ಸ್ ರಾಕ್’ ಎಂದು ಹೆಸರಿಟ್ಟ. ಅವನೊಡನೆ ಬಂಡೆಯೇರಿದವನು ಕಮ್ರಾನ್ ಎಂಬ ಒಂಟೆಗಾರ. ಗಾಸ್‌ನ ಕಾಲು ಬೊಬ್ಬೆಯೆದ್ದಿದ್ದರೆ ಕಮ್ರಾನ್ ಬರಿಗಾಲಲ್ಲೇ ಓಡಾಡುತ್ತಿದ್ದನಂತೆ. ಆ ಕಾಲದಲ್ಲಿ ನಮ್ಮ ಉಪಖಂಡದ ವಾಯವ್ಯ ಭಾಗದಿಂದ, ಕರಾಚಿ ಬಂದರಿನ ಮೂಲಕ, ಒಂಟೆಗಳೂ ಒಂಟೆಗಾರರೂ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದರು. ‘ಆಫ್ಘನ್ನರು’ ಎಂಬ ಒಂದೇ ಹೆಸರಿನಲ್ಲಿ ಬಲೂಚಿಗಳೂ ಸಿಂಧಿಗಳೂ ಪಂಜಾಬಿಗಳೂ ಸೇರಿಹೋಗಿದ್ದರು. ಬಂಡೆಗೆ ಮಾತ್ರ ಅದಾಗಲೇ ಹೆಸರಿತ್ತು. ಅದನ್ನು ಯಾರೂ ಕೇಳಲಿಲ್ಲ. 1993ರಲ್ಲಿ ಎರಡೂ ಹೆಸರುಗಳು ಅಧಿಕೃತವಾದವು. 2002ರಲ್ಲಿ ಉಲುರು ಎಂಬುದು ಮುಂದಕ್ಕೆ ಬಂದಿತು.

1976ರಲ್ಲಿ ಉತ್ತರ ಪ್ರಾಂತದ ಮೂಲನಿವಾಸಿಗಳ ಭೂಹಕ್ಕಿನ ಕಾಯಿದೆ ಬಂದಾಗ ಅನಂಗುಗಳು ಹಕ್ಕು ಮಂಡಿಸಿದರು. ಸುತ್ತಲಿನ ನೆಲ ಸಿಕ್ಕಿತು. ಉದ್ಯಾನ ಮಾತ್ರ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದಾಯಿತು. ಹೋರಾಟ ಮುಂದುವರಿಯಿತು. ಕೊನೆಗೆ 1985ರ ಅಕ್ಟೋಬರ್ 26ರಂದು ಗವರ್ನರ್ ಜನರಲ್ ನಿನಿಯನ್ ಸ್ಟೀಫನ್ ಬಂಡೆಯ ಬುಡದಲ್ಲೇ ನಡೆದ ಸಮಾರಂಭದಲ್ಲಿ ಹಕ್ಕುಪತ್ರವನ್ನು ಅನಂಗುಗಳ ಕೈಗಿತ್ತರು. ಅದೇ ಒಪ್ಪಂದದ ಪ್ರಕಾರ ಅವರು ಉದ್ಯಾನವನ್ನು 99 ವರ್ಷಗಳ ಅವಧಿಗೆ ಸರ್ಕಾರಕ್ಕೆ ಗೇಣಿಗೆ ಕೊಟ್ಟರು. ಮಲೆನಾಡಿನಲ್ಲಿ ಗೇಣಿ ಎಂಬ ಶಬ್ದಕ್ಕೆ ಎಂಥ ಭಾರವಿದೆಯೆಂಬುದು ಕಾಗೋಡಿನ ನೆನಪಿರುವ ಹಿರಿಯರಿಗೆ ಗೊತ್ತು. ಅಲ್ಲಿ ಒಡೆಯರು ಮೂಲನಿವಾಸಿಗಳು, ಗೇಣಿದಾರ ಸರ್ಕಾರ. ವಾರ್ಷಿಕ ಗೇಣಿಯ ಜೊತೆಗೆ ಪ್ರವೇಶಶುಲ್ಕದ ಶೇ. 25 ಅವರಿಗೆ ಸಲ್ಲುತ್ತದೆ. ಆಡಳಿತ ಮಂಡಳಿಯ 12 ಸ್ಥಾನಗಳಲ್ಲಿ 8 ಅವರವು. ಆದರೂ ಕೊಟ್ಟ ಮಾತು ಪೂರ್ತಿ ನಡೆಯಲಿಲ್ಲ. ಗೇಣಿ 50 ವರ್ಷಕ್ಕೆ ಎಂದಿದ್ದುದು 99 ಆಯಿತು. ಬಂಡೆ ಹತ್ತುವುದನ್ನು ನಿಲ್ಲಿಸುತ್ತೇವೆಂದಿದ್ದುದು, ಹತ್ತಲು ಅವಕಾಶ ಮುಂದುವರಿಯಬೇಕೆಂಬ ಷರತ್ತಾಯಿತು.

ಹತ್ತಬಾರದೇಕೆ? ಅವರ ಜುಕುರ್ಪದ ಪ್ರಕಾರ ಆ ದಾರಿ ಮಾಲಾ ಎಂಬ ಪುಟ್ಟ ಕಾಂಗರೂ ಜಾತಿಯ ಪೂರ್ವಜರು ಉಲುರುವಿಗೆ ಬಂದು ಏರಿದ ದಾರಿ. ಅನಂಗುಗಳೇ ಅದನ್ನು ಹತ್ತುವುದಿಲ್ಲ. ಇನ್ನೊಂದು ಕಾರಣ ನನ್ನನ್ನು ಹೆಚ್ಚು ತಟ್ಟಿತು. ತಮ್ಮ ನೆಲಕ್ಕೆ ಬಂದವರು ತಮ್ಮ ಅತಿಥಿಗಳು; ಅವರ ಕ್ಷೇಮ ತಮ್ಮ ಹೊಣೆ; ಅವರಲ್ಲೊಬ್ಬರು ಸತ್ತರೆ ಆ ದುಃಖ ಮನೆಯದೇ ಎಂಬ ಭಾವನೆ. ಕಡಿದಾದ ಆ ಏರಿನಲ್ಲಿ 1964ರಲ್ಲಿ ಸರಪಳಿ ಹಾಕಿದರು, 1976ರಲ್ಲಿ ಅದನ್ನು ಉದ್ದ ಮಾಡಿದರು. ಹಾಗಿದ್ದೂ 1950ರ ದಶಕದಿಂದ ಈಚೆಗೆ ದಾಖಲಾದ ಸಾವುಗಳು 37. ಬಿದ್ದು ಸತ್ತವರುಂಟು, ಎದೆ ನಿಂತು ಸತ್ತವರುಂಟು. ಇದಲ್ಲದೆ ಬಂಡೆಯ ನೆತ್ತಿಯಲ್ಲಿ ಶೌಚಾಲಯವಿಲ್ಲ. ಸಾವಿರಾರು ಜನ ಮೇಲೆ ಬಿಟ್ಟುಬಂದ ಹೊಲಸು ಮಳೆ ಬಂದಾಗ ಇಳಿಯುವುದು ಕೆಳಗಿನ ಅದೇ ಹೊಂಡಗಳಿಗೆ. ನಮ್ಮ ಗಿರಿಶಿಖರಗಳಿಗೆ ರಜೆಯ ದಿನ ಜೀಪುಗಳ ಸಾಲು ಏರುವುದನ್ನೂ, ಮರುದಿನ ಕೆಳಗಿನ ಹಳ್ಳದಲ್ಲಿ ಬಾಟಲಿ ಆರಿಸುವುದನ್ನೂ ಕಂಡವರಿಗೆ ಇದು ಹೊಸ ಸುದ್ದಿಯಲ್ಲ.

ಷರತ್ತಿನ ಕಾರಣ ಅನಂಗುಗಳಿಗೆ ದಾರಿ ಮುಚ್ಚುವ ಅಧಿಕಾರವಿರಲಿಲ್ಲ. ಅವರು ಏರುದಾರಿಯ ಬುಡದಲ್ಲಿ ಫಲಕ ನೆಟ್ಟರು: ದಯವಿಟ್ಟು ಹತ್ತಬೇಡಿ, ಇದು ನಮ್ಮ ವಿನಂತಿ ಎಂದು. ಹತ್ತುವವರು ಆ ಫಲಕದ ಪಕ್ಕದಲ್ಲೇ ಸಾಗುತ್ತಿದ್ದರು. ಸಾಲಾಗಿ ಏರುವ ಅವರನ್ನು ಅನಂಗುಗಳು ‘ಮಿಂಗ’ ಎಂದು ಕರೆದರು, ಎಂದರೆ ಇರುವೆಗಳು. ಬೇಲಿಯಿಲ್ಲ, ದಂಡವಿಲ್ಲ, ಬರಿಯ ಕೇಳಿಕೆ. ಕೇಳುತ್ತಲೇ ಹೋದರು, ಬಂದವರಿಗೆ ಸುತ್ತು ಹಾಕಿಸಿ ಕಥೆ ಹೇಳಿದರು, ಗಿಡ ತೋರಿಸಿದರು. ನಿಧಾನವಾಗಿ ಹತ್ತುವವರ ಪ್ರಮಾಣ ಇಳಿಯಿತು. 2010ರ ನಿರ್ವಹಣಾ ಯೋಜನೆಯಲ್ಲಿ, ಈ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿದರೆ ದಾರಿ ಮುಚ್ಚಬಹುದೆಂಬ ಮಾತು ಸೇರಿತು. 2011ರಿಂದ 2015ರ ಅವಧಿಯಲ್ಲಿ ಅದು ಶೇ. 16ಕ್ಕೆ ಬಂದಿತು. 2017ರ ನವೆಂಬರ್ 1ರಂದು ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. ಅಂದಿನ ಅಧ್ಯಕ್ಷ ಸ್ಯಾಮಿ ವಿಲ್ಸನ್, ಇದು ಅತ್ಯಂತ ಮಹತ್ವದ ಸ್ಥಳ, ಡಿಸ್ನಿಲ್ಯಾಂಡ್‌ನಂಥ ಆಟದ ಬಯಲಲ್ಲ ಎಂಬರ್ಥದ ಮಾತುಗಳನ್ನಾಡಿದರು. 2019ರ ಅಕ್ಟೋಬರ್ 26ರಿಂದ, ನೆಲ ಕೈಗೆ ಬಂದ 34ನೆಯ ವಾರ್ಷಿಕ ದಿನದಿಂದ, ಏರು ಶಾಶ್ವತವಾಗಿ ನಿಂತಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ‘ಕೊನೆಯ ಅವಕಾಶ’ವೆಂದು ಜನ ಮುಗಿಬಿದ್ದದ್ದೂ ನಿಜ. ಸರಪಳಿಯನ್ನು ಕಿತ್ತುಹಾಕಿದ್ದಾರೆ. ನಾನು ಹೋದಾಗ ಕಂಡದ್ದು ಕೋಟ್ಯಂತರ ಹೆಜ್ಜೆಗಳು ಸವೆಸಿದ ಬಿಳಿಚಿದ ಗೆರೆ ಮಾತ್ರ. ಕಲ್ಲಿಗೆ ಅದು ಬೇಗ ಮಾಯುವ ಗಾಯವಲ್ಲ.

ಪ್ರವಾಸಿಗರು ಜೇಬಿಗೆ ಹಾಕಿಕೊಂಡು ಹೋದ ಕಲ್ಲು, ಮರಳು ಅಂಚೆಯಲ್ಲಿ ಉದ್ಯಾನಕ್ಕೆ ಹಿಂದಿರುಗುತ್ತವೆ ಎಂಬುದನ್ನೂ ಹೇಳಬೇಕು. ಜೊತೆಗೆ ಕ್ಷಮೆ ಕೋರಿದ ಪತ್ರಗಳು. ಕೆಲವರು ಕಲ್ಲು ಒಯ್ದ ಮೇಲೆ ಕೇಡು ಬಂತೆಂದು ಬರೆಯುತ್ತಾರಂತೆ. ವಿಜ್ಞಾನಿಯಾಗಿ ನಾನು ಅದನ್ನು ನಂಬಲಾರೆ. ಆದರೆ ಕಲ್ಲು ಹಿಂದಕ್ಕೆ ಬಂದದ್ದು ಒಳ್ಳೆಯದೇ.

ಹಕ್ಕುಪತ್ರ ದೊರೆತೊಡನೆ ಎಲ್ಲವೂ ಸರಿಹೋಯಿತೆಂದು ಭಾವಿಸಬೇಡಿ. ಬಂಡೆಯ ಸಮೀಪದ ಮುಟಿಜುಲು ವಸತಿಯಲ್ಲಿ ಬಡತನ, ಅನಾರೋಗ್ಯ, ಕುಡಿತದ ಸಂಕಟಗಳಿವೆ. 2007ರಲ್ಲಿ ಕೇಂದ್ರ ಸರ್ಕಾರ ಉತ್ತರ ಪ್ರಾಂತದ ಮೂಲನಿವಾಸಿ ವಸತಿಗಳಲ್ಲಿ ಸೇನೆಯ ನೆರವಿನೊಡನೆ ‘ತುರ್ತು ಕ್ರಮ’ ಕೈಗೊಂಡಾಗ ಮೊದಲು ಕಾಲಿಟ್ಟದ್ದು ಅಲ್ಲಿಗೇ. ಒಡೆಯರೆಂದು ಕಾಗದದಲ್ಲಿರುವ ಜನರ ಅಂಗಳಕ್ಕೆ, ಅವರನ್ನು ಕೇಳದೆ. 2017ರ ಮೇ ತಿಂಗಳಲ್ಲಿ ದೇಶದ ನಾನಾ ಭಾಗಗಳ ಮೂಲನಿವಾಸಿ ಪ್ರತಿನಿಧಿಗಳು ಉಲುರುವಿನ ಬಳಿ ಸೇರಿ, ಸಂವಿಧಾನದಲ್ಲಿ ತಮಗೊಂದು ದನಿ ಬೇಕೆಂದು ಹೇಳಿಕೆ ಹೊರಡಿಸಿದರು. ನಾನು ಅಲ್ಲಿದ್ದ ದಿನಗಳಲ್ಲಿ ಅದರ ಜನಮತಗಣನೆಯ ಚರ್ಚೆ ಜೋರಾಗಿತ್ತು. 2023ರ ಅಕ್ಟೋಬರ್ 14ರಂದು ಸುಮಾರು ಶೇ. 60 ಮತದಾರರು ಬೇಡವೆಂದರು. ಆರೂ ರಾಜ್ಯಗಳಲ್ಲಿ ಸೋಲಾಯಿತು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯಿದೆ ಇದೆ, ಗ್ರಾಮಸಭೆಗೆ ಮಾತಿದೆ. ಅರ್ಜಿ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿದವರು ಈ ಸಭೆಯಲ್ಲಿಯೇ ಇದ್ದೀರಿ; ಕಾಗದಕ್ಕೂ ನೆಲಕ್ಕೂ ಇರುವ ದೂರವನ್ನು ನಿಮಗಿಂತ ಚೆನ್ನಾಗಿ ನಾನು ಹೇಳಲಾರೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಅಂಶ: ಯುನೆಸ್ಕೊ ಈ ಉದ್ಯಾನವನ್ನು 1987ರಲ್ಲಿ ಕೇವಲ ನೈಸರ್ಗಿಕ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. 1994ರಲ್ಲಿ ಅದನ್ನೇ ಸಾಂಸ್ಕೃತಿಕ ಪರಂಪರೆಯೆಂದು ಮತ್ತೊಮ್ಮೆ ಮಾನ್ಯಮಾಡಿತು. ಏಳು ವರ್ಷಗಳಲ್ಲಿ ಬಂಡೆ ಬದಲಾಗಿರಲಿಲ್ಲ. ನೋಡುವವರು ಅಲ್ಲಿ ಜನರಿರುವುದನ್ನು ಕಂಡರು. ನಮ್ಮ ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಪಟ್ಟಿಗೆ ಸೇರಿದ್ದು ನೈಸರ್ಗಿಕ ಪರಂಪರೆಯಾಗಿ ಮಾತ್ರ. ಕಾನು, ದೇವರಕಾಡು, ಸೊಪ್ಪಿನಬೆಟ್ಟಗಳನ್ನು ಕಾಯ್ದವರ ಹೆಸರು ಯಾವ ಕಾಲಮ್ಮಿನಲ್ಲಿ ಬರುತ್ತದೆಂದು ಕೇಳುವ ಹೊಣೆ ನಿಮ್ಮದು.

ಆಗ ಬಿಟ್ಟಿದ್ದ ತಿರುವುಮುರುವಿನ ಕಥೆಗೆ ಈಗ ಬರುತ್ತೇನೆ. ಉಲುರುವಿನ ಬುಡದ ಹಸುರು ಪಟ್ಟಿಯಲ್ಲಿ ದಟ್ಟವಾಗಿ ಬೆಳೆದ ಹುಲ್ಲೊಂದನ್ನು ನೋಡಿ ನಿಂತುಬಿಟ್ಟೆ. ತೆನೆ ಕೈಗೆ ತೆಗೆದುಕೊಂಡರೆ ನಮ್ಮ ಒಣಪ್ರದೇಶದ ಮೇವಿನ ಪ್ರಾತ್ಯಕ್ಷಿಕೆಗಳಲ್ಲಿ ನಾವೇ ಶಿಫಾರಸು ಮಾಡುವ ಅಂಜನ ಹುಲ್ಲು! ಅಲ್ಲಿ ಅದರ ಹೆಸರು ಬಫೆಲ್. ಆಫ್ರಿಕ, ಅರೇಬಿಯ, ಭಾರತಗಳ ಒಣನೆಲದ್ದು. ಒಂಟೆಗಳ ಜೀನಿನೊಳಗೆ ತುಂಬಿದ್ದ ಹುಲ್ಲಿನ ಜೊತೆ ಮೊದಲು ಬಂದಿರಬೇಕೆಂದು ಹೇಳುತ್ತಾರೆ. ಆಮೇಲೆ ಮೇವಿಗೆಂದೂ ಧೂಳು ತಡೆಯಲೆಂದೂ ಬೇಕೆಂದೇ ಬಿತ್ತಿದರು. ನೀರಿರುವ ಕಡೆಯಲ್ಲೆಲ್ಲ ಅದು ಸ್ಥಳೀಯ ಹುಲ್ಲುಗಳನ್ನು ಅದುಮಿ ಹಾಕಿದೆ. ಸುಟ್ಟರೆ ಬೇಗ ಚಿಗುರುತ್ತದೆ, ಮತ್ತೆ ಉರಿಯಲು ಸಿದ್ಧವಾಗುತ್ತದೆ. ಅದರ ಉರಿ ಮಲ್ಗ ಮರಗಳನ್ನು ಕೊಲ್ಲುವಷ್ಟು ತೀಕ್ಷ್ಣ. ತೇಪೆ ಬೆಂಕಿಯ ಹಳೆಯ ಲೆಕ್ಕಾಚಾರವೆಲ್ಲ ಇದರ ಮುಂದೆ ತಲೆಕೆಳಗಾಗುತ್ತಿದೆ. 2024ರಲ್ಲಿ ಉತ್ತರ ಪ್ರಾಂತದ ಸರ್ಕಾರ ಅದನ್ನು ಕಳೆಯೆಂದು ಘೋಷಿಸಿತು. ದನ ಸಾಕುವವರಿಗೆ ಅದೇ ಮೇವು, ಆದ್ದರಿಂದ ವಿರೋಧವೂ ಇತ್ತು. ಅವರು ನಮಗೆ ಅಕೇಶಿಯಾ ಕೊಟ್ಟರು, ನಾವು ಅವರಿಗೆ ಅಂಜನ ಹುಲ್ಲು ಕೊಟ್ಟೆವು ಎಂದು ಸಹಪಾಠಿಯೊಬ್ಬರಿಗೆ ಪತ್ರ ಬರೆದೆ. ಅಲ್ಲಿ ಕೆಲಸಗಾರರೂ ಸ್ವಯಂಸೇವಕರೂ ಮಣಕಾಲೂರಿ, ಗುದ್ದಲಿ ಹಿಡಿದು, ಬುಡಸಮೇತ ಕೀಳುತ್ತಿದ್ದರು. ಅರ್ಧ ಗಂಟೆ ನಾನೂ ಕಿತ್ತೆ. ಬೇರು ಬಲು ಗಟ್ಟಿ.

ಒಂದು ಸಮಾಧಾನದ ಸುದ್ದಿಯೂ ಇದೆ. ಆ ಪ್ರದೇಶದಲ್ಲಿ ಒಂದು ಕಾಲಕ್ಕಿದ್ದ 46 ಜಾತಿಯ ಸ್ಥಳೀಯ ಸಸ್ತನಿಗಳಲ್ಲಿ ಈಗ ಉಳಿದಿರುವುದು ಸುಮಾರು 21. ಬೆಕ್ಕು, ನರಿ, ಮೊಲಗಳನ್ನು ಹೊರಗಿನಿಂದ ತಂದದ್ದರ, ಹಾಗೂ ಹಳೆಯ ಬೆಂಕಿಯ ಕ್ರಮ ನಿಂತದ್ದರ ಪರಿಣಾಮ. ಹೀಗೆ ಇಲ್ಲವಾದವುಗಳಲ್ಲಿ ಮಾಲಾ ಕೂಡ ಒಂದು. ಯಾವ ಜೀವಿಯ ಪೂರ್ವಜರ ದಾರಿಯೆಂದು ಆ ಏರನ್ನು ಅನಂಗುಗಳು ಕಾಯ್ದರೋ ಅದೇ ಜೀವಿ. 2005ರಲ್ಲಿ 24 ಮಾಲಾಗಳನ್ನು ತಂದು, ಬೆಕ್ಕು ನರಿ ನುಸುಳದಂತೆ ಬೇಲಿ ಹಾಕಿದ 170 ಹೆಕ್ಟೇರ್ ಆವರಣದಲ್ಲಿ ಬಿಟ್ಟರು. ಸಂತತಿ ಹೆಚ್ಚಿದೆ. ಆವರಣಕ್ಕೆ ಜಾಗ ಆರಿಸುವಾಗ ವಿಜ್ಞಾನಿಗಳ ಜೊತೆ ಅನಂಗು ಹಿರಿಯರೂ ಇದ್ದರು.

ಈಗ ದೀಪ ಆರಿಸಿದರೆ ಕೆಲವು ಚಿತ್ರಗಳನ್ನು ತೋರಿಸುತ್ತೇನೆ. ಮಲ್ಗ, ಮರುಭೂಮಿಯ ಓಕಿನ ಎರಡು ರೂಪಗಳು, ಮುಟಿಜುಲು ಹೊಂಡ, ಬಫೆಲ್ ಹುಲ್ಲು, ಸಂಜೆಯ ಬಂಡೆ. ಈಶಾನ್ಯ ಬದಿಯ ಕೆಲವು ಭಾಗಗಳ ಚಿತ್ರ ಇದರಲ್ಲಿ ಇರುವುದಿಲ್ಲ. ಅಲ್ಲಿ ಚಿತ್ರ ತೆಗೆಯಬೇಡಿರೆಂದು ಫಲಕ ಹಾಕಿದ್ದಾರೆ, ನಾನು ತೆಗೆದಿಲ್ಲ. ಪ್ರಶ್ನೆಗಳಿದ್ದರೆ ಚಿತ್ರಗಳ ನಡುವೆಯೇ ಕೇಳಬಹುದು.